ಪತ್ತು ಕೆಟ್ಟವರಿಗೆ ಕಾರ್ಡು: ಮದ್ದೋ, ಮತ್ತೊಂದು ಉರುಳೋ?

ಆಷಾಢದ ಒಂದು ಬೆಳಿಗ್ಗೆ ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವರು ನಮ್ಮ ಪರಿಚಯದ ಒಬ್ಬ ದಿನಸಿ ಅಂಗಡಿಯವರು. ಹೆಸರು ಬೇಡ. ಇಪ್ಪತ್ತು ವರ್ಷದ ವ್ಯಾಪಾರ, ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಸುಳ್ಳಿಲ್ಲ. ಅಂಥವರ ಮುಖ ಅಂದು ಸಪ್ಪಗಿತ್ತು.

“ಯಾಕಣ್ಣ, ಹಿಂಗಿದ್ದೀರಿ?”

“ಏನ್ ಏಳಾದು ಸ್ವಾಮಿ! ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆ ಅಂತ ಬ್ಯಾಂಕಿಗೆ ಓಗಿದ್ದೆ. ಸಾಲ ಕೊಡಾಕಾಗಲ್ಲ ಅಂದ್ಬುಟ್ರು. ಅದೇನೋ ಸಿಬಿಲ್ಲಂತೆ. ನಂಗೆ ಐನೂರ ಎಂಬತ್ತು ಬಂದದಂತೆ. ಪರೀಕ್ಷೆನೇ ಬರೀಲಿಲ್ಲ, ಫೇಲು ಮಾತ್ರ ಆಗಿವ್ನಿ!”

ಮುಂದಿನ ಸೀಟಿನವರು ನಕ್ಕರು. ಅವರು ನಗಲಿಲ್ಲ. ಜೇಬಿನಿಂದ ಮಡಚಿದ ಒಂದು ಕರಪತ್ರ ತೆಗೆದು ನಮ್ಮ ಕೈಗಿತ್ತರು. “ಸಿಬಿಲ್ ಕೆಟ್ಟಿದ್ದರೂ ಕ್ರೆಡಿಟ್ ಕಾರ್ಡ್! ಸಿಬಿಲ್ ರಿಪೇರಿ ಮಾಡಿಕೊಡಲಾಗುವುದು” ಎಂದು ದಪ್ಪಕ್ಷರ. ಕೆಳಗೊಂದು ಮೊಬೈಲ್ ನಂಬರು.

“ಇದ ತಗಳ್ಲಾ, ಬ್ಯಾಡ್ವಾ? ನೀವೇ ಏಳಿ.”

ಬಸ್ಸಿನಲ್ಲಿ ಅರ್ಧ ಉತ್ತರವಷ್ಟೇ ಹೇಳಲಾಯಿತು. ಪೂರ್ತಿ ಉತ್ತರ ಇಲ್ಲಿದೆ. ಅವರೊಬ್ಬರಿಗೆ ಮಾತ್ರವಲ್ಲ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕುಗಳ ಅಂಗಡಿ ಬೀದಿಗಳಲ್ಲಿ ಈಗ ಇದೇ ಮಾತು, ಇದೇ ಚಿಂತೆ.

ಪತ್ತು ಎಂದರೇನು?

ಊರೂರಿಗೂ ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ ಎಂಬ ಬೋರ್ಡು ಇದೆ. ದಿನಾ ಓದುತ್ತೇವೆ, ನಡುವಿನ ‘ಪತ್ತು’ ಎಂಬ ಮಾತನ್ನು ಮಾತ್ರ ಗಮನಿಸುವುದಿಲ್ಲ. ಪತ್ತು ಎಂದರೆ ನಂಬಿಕೆ. ಕೊಟ್ಟದ್ದನ್ನು ಹಿಂದಿರುಗಿಸುತ್ತಾನೆ ಎಂಬ ನಂಬಿಕೆ. ಹಿಂದೆ ಈ ಪತ್ತು ಶೆಟ್ಟರ ಕೆಂಪು ಲೆಕ್ಕದ ಪುಸ್ತಕದಲ್ಲಿರುತ್ತಿತ್ತು. “ಬರ್ಕೊಳಿ ಶೆಟ್ರೇ” ಎಂದರೆ ಯಾರಿಗೆ ಬರೆದುಕೊಳ್ಳಬೇಕು, ಯಾರಿಗೆ ಕೈಮುಗಿಯಬೇಕು ಎಂಬುದು ಶೆಟ್ಟರಿಗೆ ಗೊತ್ತಿತ್ತು. ಮಳೆ ಕೈಕೊಟ್ಟ ವರ್ಷ ಯಾವುದು, ಮನೆಯಲ್ಲಿ ಸಾವಾದ ವರ್ಷ ಯಾವುದು ಎಂಬುದೂ ಗೊತ್ತಿತ್ತು.

ಇಂದಿನ ಲೆಕ್ಕದ ಪುಸ್ತಕ ದೂರದ ಕಂಪ್ಯೂಟರಿನಲ್ಲಿದೆ. ಸಿಬಿಲ್ ಸಂಸ್ಥೆ ಹುಟ್ಟಿದ್ದು 2000ದಲ್ಲಿ. ಇಂಥ ಸಂಸ್ಥೆಗಳಿಗೆ 2005ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ಈಗ ದೇಶದಲ್ಲಿ ಇಂಥವು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಬ್ಯಾಂಕು, ಫೈನಾನ್ಸು, ಮೈಕ್ರೋ ಫೈನಾನ್ಸು ಎಲ್ಲವೂ ನಮ್ಮ ಸಾಲದ ವಿವರವನ್ನು ಇವಕ್ಕೆ ಕಳಿಸುತ್ತವೆ. ಅದನ್ನು ಹಿಡಿದು 300ರಿಂದ 900ರೊಳಗೆ ಒಂದು ಅಂಕ ಹಾಕುತ್ತಾರೆ. 750 ದಾಟಿದರೆ ಸಾಮಾನ್ಯವಾಗಿ ಒಳ್ಳೆಯದು ಎನ್ನುತ್ತಾರೆ. ಈ ಪುಸ್ತಕಕ್ಕೆ ಮಳೆ ಗೊತ್ತಿಲ್ಲ, ಸಾವು ಗೊತ್ತಿಲ್ಲ. ತಾರೀಖು ಮಾತ್ರ ಗೊತ್ತು!

ಎಲ್ಲರೂ ಮೋಸಗಾರರೇ?

ಅಂಕ ಕಡಿಮೆ ಎಂದಾಕ್ಷಣ ‘ಈತ ಸಾಲ ತಿಂದವ’ ಎಂದು ನೋಡುವ ಕಣ್ಣುಗಳಿವೆ. ನಮ್ಮ ನಾಲ್ಕು ತಾಲ್ಲೂಕುಗಳ ಕಳೆದ ಕೆಲವು ವರ್ಷಗಳನ್ನು ಒಮ್ಮೆ ನೆನೆಯಿರಿ.

ಶ್ರೀರಂಗಪಟ್ಟಣದಲ್ಲಿ 2020ರ ಲಾಕ್‌ಡೌನು ಪ್ರವಾಸಿಗರನ್ನು ನಿಲ್ಲಿಸಿತು. ಉಸಿರಾಡುವಷ್ಟರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಬಂತು. 2023ರ ಮಾರ್ಚ್ 12ರಂದು ಉದ್ಘಾಟನೆ. ಊರೊಳಗೆ ಬರುತ್ತಿದ್ದ ಕಾರುಗಳು ಬೈಪಾಸಿನಲ್ಲಿ ಹಾರಿಹೋದವು. ಹಳೆ ರಸ್ತೆಯ ಹೋಟೆಲಿನವರು, ಎಳನೀರಿನವರು ಯಾರನ್ನು ಕೇಳಬೇಕು?

ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ 2020ರಲ್ಲಿ ಗುತ್ತಿಗೆಗೆ ಹೋಗಿ ಮತ್ತೆ ಹೊಗೆಯಾಡುವ ಮುನ್ನ ವರ್ಷಗಟ್ಟಲೆ ನಿಂತಿತ್ತು. ಕಬ್ಬಿನ ದುಡ್ಡು ರೈತನಿಗೆ ಬಾರದಿದ್ದರೆ ಅಂಗಡಿಯವನ ಗಲ್ಲಕ್ಕೆ ಎಲ್ಲಿಂದ ಬಂದೀತು?

ಕೆ.ಆರ್. ಪೇಟೆಯಿಂದ ಮುಂಬಯಿಗೆ ದುಡಿಯಲು ಹೋದ ಮನೆಗಳು ಲೆಕ್ಕವಿಲ್ಲದಷ್ಟು. 2020ರ ಮೇ ತಿಂಗಳಲ್ಲಿ ಅವರು ಗಂಟುಮೂಟೆ ಕಟ್ಟಿ ಊರಿಗೆ ಬಂದು ಕ್ವಾರಂಟೈನಿನಲ್ಲಿ ಕೂತದ್ದನ್ನು ಜಿಲ್ಲೆ ಮರೆತಿಲ್ಲ. ದುಡಿಮೆ ಅಲ್ಲಿ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ.

ನಾಗಮಂಗಲ ಮೊದಲೇ ಮಳೆ ನಂಬಿದ ಸೀಮೆ. ಅದರ ಮೇಲೆ 2024ರ ಸೆಪ್ಟೆಂಬರ್ 11ರ ರಾತ್ರಿಯ ಗಲಭೆಯಲ್ಲಿ ಅಂಗಡಿಗಳು ಉರಿದವು. ಅಂಗಡಿ ಸುಟ್ಟರೂ ಸಾಲ ಸುಡುವುದಿಲ್ಲ.

ಇವರೆಲ್ಲ ಮೋಸಗಾರರಲ್ಲ. ಆದರೆ ಪುಸ್ತಕದಲ್ಲಿ ಬಿದ್ದಿರುವುದು ಒಂದೇ ಬಗೆಯ ಗುರುತು. ಅದನ್ನು ಅಳಿಸಲು ಬಾರದು. ಅದರ ಕೆಳಗೆ ಒಳ್ಳೆಯ ಸಾಲುಗಳನ್ನು ಬರೆಸುತ್ತ ಹೋಗಬೇಕು. ಇಷ್ಟೇ ಉಪಾಯ. ಕಾರ್ಡು ಆ ಸಾಲುಗಳನ್ನು ಬರೆಸುವ ಒಂದು ಲೇಖನಿ, ಅಷ್ಟೆ.

ಮೊದಲು ಪುಸ್ತಕ ಓದಿ, ಆಮೇಲೆ ಕಾರ್ಡು

ಕಾಯಿಲೆ ಯಾವುದೆಂದು ತಿಳಿಯದೆ ಮಾತ್ರೆ ನುಂಗುವವರುಂಟೇ? ಮೊದಲು ನಿಮ್ಮ ವರದಿ ತರಿಸಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು 2016ರಲ್ಲೇ ಆಜ್ಞೆ ಮಾಡಿದೆ. 2017ರ ಜನವರಿಯಿಂದ ಜಾರಿಯಲ್ಲಿದೆ. ಆಯಾ ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲಿ ಪಾನ್ ನಂಬರು, ಮೊಬೈಲು ಕೊಟ್ಟರೆ ಸಿಗುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ. ನಿಮ್ಮದನ್ನು ನೀವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಆದರೆ ಓ.ಟಿ.ಪಿ.ಯನ್ನು ಮಾತ್ರ ಅಪರಿಚಿತರಿಗೆ ಹೇಳಬೇಡಿ.

ನಮ್ಮ ಅಂಗಡಿಯವರ ವರದಿಯನ್ನು ಅವರ ಮಗಳೇ ತೆಗೆದಳು. ನೋಡಿದರೆ ಎರಡು ಗಾಯ. ಒಂದು, 2020ರಲ್ಲಿ ಅಂಗಡಿ ಸಾಲದ ಕಂತು ಕೆಲವು ತಿಂಗಳು ತಡವಾದದ್ದು. ಅದು ನಿಜ, ಒಪ್ಪಿಕೊಳ್ಳಬೇಕಾದ್ದೇ. ಇನ್ನೊಂದು, ಭಾಮೈದನ ಗೂಡ್ಸ್ ಆಟೋ ಸಾಲ. ಇವರು ಜಾಮೀನು ಹಾಕಿದ್ದರು. ಭಾಮೈದ ತಡವಾಗಿಯಾದರೂ ಪೂರಾ ತೀರಿಸಿ ಎರಡು ವರ್ಷವಾಗಿತ್ತು. ವರದಿಯಲ್ಲಿ ಮಾತ್ರ ಇನ್ನೂ ‘ಬಾಕಿ’ ಎಂದೇ ಇತ್ತು! ಸಾಲ ಕೊಟ್ಟ ಸಂಸ್ಥೆ ಯಾವುದೆಂಬುದು ಇಲ್ಲಿ ಬೇಡ.

“ಜಾಮೀನು ಹಾಕಿದ್ದುಕ್ಕೂ ನಮ್ಮ ತಲೆಗೇ ಬತ್ತದಾ?” ಎಂದು ಅವರು ಕೇಳಿದ ಪ್ರಶ್ನೆಯನ್ನು ಓದುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಬರುತ್ತದೆ. ಜಾಮೀನಿನ ರುಜು ಎಂದರೆ ಅರ್ಧ ಸಾಲಗಾರನಲ್ಲ, ಪೂರ್ತಿ ಸಾಲಗಾರ.

ವರದಿಯಲ್ಲಿ ನೋಡಬೇಕಾದ್ದು ಇವು. ನಿಮ್ಮದಲ್ಲದ ಸಾಲ ನಿಮ್ಮ ಹೆಸರಿನಲ್ಲಿದೆಯೇ? ತೀರಿದ ಸಾಲ ಬಾಕಿ ಎಂದಿದೆಯೇ? 2018ರ ಬೆಳೆ ಸಾಲ ಮನ್ನಾದಲ್ಲಿ ಹೋದ ಸಾಲ ಹೇಗೆ ಬರೆದಿದೆ? ಮನೆಯ ಹೆಂಗಸರು ತೆಗೆದ ಮೈಕ್ರೋ ಫೈನಾನ್ಸ್ ಸಾಲ ಅವರ ವರದಿಯಲ್ಲಿ ಸರಿಯಾಗಿದೆಯೇ? ಬ್ಯಾಂಕಿನ ಹೆಸರು ಬದಲಾಗಿದ್ದರೆ ಗಾಬರಿ ಬೇಡ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿತು, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ. ಹಳೆ ಸಾಲ ಹೊಸ ಹೆಸರಿನಲ್ಲಿ ಕಾಣಬಹುದು.

‘ಸೆಟಲ್ಡ್’ ಎಂಬ ಮಾತಿದ್ದರೆ ಎಚ್ಚರ. ಒಂದೇ ಸಲಕ್ಕೆ ಇಷ್ಟು ಕಟ್ಟಿ, ಉಳಿದದ್ದು ಬಿಡ್ತೀವಿ ಎಂದು ಒಪ್ಪಂದವಾದಾಗ ಬೀಳುವ ಮುದ್ರೆ ಅದು. ಸಾಲ ಮುಗಿಯಿತು ನಿಜ, ಆದರೆ ಪೂರ್ತಿ ಕಟ್ಟಲಿಲ್ಲ ಎಂದು ಅದರರ್ಥ. ಶಕ್ತಿ ಬಂದಾಗ ಬಿಟ್ಟ ಬಾಕಿಯನ್ನೂ ಕಟ್ಟಿ, ‘ಬಾಕಿ ಇಲ್ಲ’ ಎಂಬ ಪತ್ರ ಪಡೆದು, ‘ಕ್ಲೋಸ್ಡ್’ ಎಂದು ತಿದ್ದಿಸಲು ಸಾಲ ಕೊಟ್ಟವರನ್ನೇ ಕೇಳಬೇಕು.

ತಪ್ಪಿದ್ದರೆ ಆ ವರದಿ ಸಂಸ್ಥೆಗೇ ದೂರು ಕೊಡಿ, ಕಾಸು ಖರ್ಚಿಲ್ಲ. 30 ದಿನದೊಳಗೆ ಇತ್ಯರ್ಥವಾಗಬೇಕು. ಆಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಎಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಬ್ಯಾಂಕಿನವರು ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಅದರ ನಕಲು ಇಟ್ಟುಕೊಂಡಿರಬೇಕು.

‘ಸಿಬಿಲ್ ರಿಪೇರಿ’ ಎಂಬ ಕರಪತ್ರದವರು ಮಾಡುವುದೂ ಇದೇ ದೂರನ್ನೇ. ಆದರೆ ನಿಮ್ಮಿಂದ ಸಾವಿರಗಟ್ಟಲೆ ಕಿತ್ತು! ನಿಜವಾದ ಬಾಕಿಯನ್ನು ಯಾವ ಏಜೆಂಟನೂ ಅಳಿಸಲಾರ.

ಯಾವ ಕಾರ್ಡು?

ಈಗ ಮುಖ್ಯ ವಿಷಯ. ಅಂಕ ಕೆಟ್ಟವರು ಬ್ಯಾಂಕಿಗೆ ಹೋಗಿ ಮಾಮೂಲಿ ಕ್ರೆಡಿಟ್ ಕಾರ್ಡ್ ಕೇಳಿದರೆ ಸಿಗುವುದು ಕಷ್ಟ. ಕೇಳಿದ್ದೂ ವರದಿಯಲ್ಲಿ ದಾಖಲಾಗುತ್ತದೆ. ಇಂದು ಈ ಬ್ಯಾಂಕು, ನಾಳೆ ಆ ಬ್ಯಾಂಕು ಎಂದು ಸಾಲುಸಾಲು ಅರ್ಜಿ ಹಾಕಿದರೆ ‘ಈತನಿಗೆ ದುಡ್ಡಿನ ಬರ’ ಎಂದು ಅಂಕ ಇನ್ನೂ ಇಳಿಯುತ್ತದೆ.

ಇಂಥವರಿಗೆ ಇರುವ ದಾರಿ ಠೇವಣಿ ಮೇಲಿನ ಕಾರ್ಡು. ಬ್ಯಾಂಕಿನಲ್ಲಿ ಒಂದು ಎಫ್.ಡಿ. ಇಡುತ್ತೀರಿ. ಅದರ ಆಧಾರದ ಮೇಲೆ ಬ್ಯಾಂಕು ಕಾರ್ಡು ಕೊಡುತ್ತದೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಕಾರ್ಡು ಇರುವವರೆಗೆ ಅದನ್ನು ಮುರಿಯುವಂತಿಲ್ಲ. ಮಿತಿ ಸಾಮಾನ್ಯವಾಗಿ ಠೇವಣಿಗಿಂತ ಸ್ವಲ್ಪ ಕಡಿಮೆ. ಬ್ಯಾಂಕಿನಿಂದ ಬ್ಯಾಂಕಿಗೆ ಲೆಕ್ಕ ಬೇರೆ. ನಿಮ್ಮ ದುಡ್ಡೇ ಆಧಾರವಾದ್ದರಿಂದ ಅಂಕ ಕಡಿಮೆ ಇದ್ದರೂ ಕೊಡಲು ಬ್ಯಾಂಕಿಗೆ ಭಯವಿಲ್ಲ. ನೀವು ಬಿಲ್ ಕಟ್ಟಿದ ದಾಖಲೆ ಉಳಿದ ಕಾರ್ಡುಗಳಂತೆಯೇ ವರದಿಗೆ ಸೇರುತ್ತದೆ. ಬೇಕಾಗಿರುವುದು ಅದೇ ತಾನೇ?

ಡೆಬಿಟ್ ಕಾರ್ಡು ಎಷ್ಟು ಉಜ್ಜಿದರೂ ಪತ್ತು ಬೆಳೆಯುವುದಿಲ್ಲ. ಅದು ನಿಮ್ಮದೇ ದುಡ್ಡು. ಚೀಟಿ ಸರಿಯಾಗಿ ಕಟ್ಟಿದ್ದು, ಕೈಗಡ ತೀರಿಸಿದ್ದು ಊರಿಗೆ ಗೊತ್ತು, ಈ ಪುಸ್ತಕಕ್ಕೆ ಗೊತ್ತಿಲ್ಲ.

ಆರಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಕನಿಷ್ಠ ಎಷ್ಟು ಠೇವಣಿ? ಅದರ ಮೇಲೆ ಎಷ್ಟು ಮಿತಿ? ಠೇವಣಿಗೆ ಬಡ್ಡಿ ಎಷ್ಟು?
2. ವರ್ಷದ ಶುಲ್ಕವಿದೆಯೇ? ಮೊದಲ ವರ್ಷ ಮಾತ್ರ ಬಿಟ್ಟು ಆಮೇಲೆ ಹಾಕುತ್ತಾರೆಯೇ?
3. ಬಿಲ್ ಬಾಕಿ ಉಳಿಸಿದರೆ ತಿಂಗಳಿಗೆ ಎಷ್ಟು ಬಡ್ಡಿ? ತಡವಾದರೆ ಎಷ್ಟು ದಂಡ?
4. ಬಿಲ್ಲಿನ ತಾರೀಖು ಯಾವುದು? ನಿಮ್ಮ ಕೈಗೆ ದುಡ್ಡು ಬರುವ ದಿನಕ್ಕೆ ಅದು ಹೊಂದಬೇಕು. ತಾರೀಖನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಹಕ್ಕು ಗ್ರಾಹಕನಿಗಿದೆ.
5. ಕಾರ್ಡು ಬೇಡವಾದರೆ ಮುಚ್ಚುವುದು ಹೇಗೆ? ಬಾಕಿ ಇಲ್ಲದಿದ್ದರೆ ಅರ್ಜಿ ಕೊಟ್ಟ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ಇಲ್ಲವಾದರೆ ದಿನಕ್ಕೆ 500 ರೂಪಾಯಿ ದಂಡ ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು.

ಬಹುಮಾನದ ಪಾಯಿಂಟು, ವಿಮಾನ ನಿಲ್ದಾಣದ ಲೌಂಜು, ಸಿನಿಮಾ ಟಿಕೆಟ್ಟು ಇವನ್ನು ಕೇಳಬೇಡಿ. ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಗೆ ಕಾಯುವವನಿಗೆ ಲೌಂಜು ಯಾಕೆ ಸ್ವಾಮಿ?

ಕಾರ್ಡಿನ ಬಡ್ಡಿ ನಮ್ಮ ಲೆಕ್ಕದಲ್ಲಿ

ನಮ್ಮ ಕಡೆ ಬಡ್ಡಿಯನ್ನು ‘ನೂರಕ್ಕೆ ತಿಂಗಳಿಗೆ ಇಷ್ಟು’ ಎಂದೇ ಹೇಳುವುದು. ಹಾಗೇ ನೋಡೋಣ. ಅನೇಕ ಕಾರ್ಡುಗಳಲ್ಲಿ ಬಾಕಿ ಉಳಿದರೆ ನೂರಕ್ಕೆ ಮೂರೂವರೆ ರೂಪಾಯಿಯ ಆಸುಪಾಸು. ವರ್ಷಕ್ಕೆ ಶೇಕಡ 42! ಊರಿನ ಬಡ್ಡಿ ಸಾಹುಕಾರನೂ ಇದಕ್ಕಿಂತ ಅಗ್ಗವೆನಿಸಬಹುದು.

ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಸಣ್ಣ ಮೊತ್ತ ತೋರಿಸುತ್ತಾರೆ. ಅದೇ ಉರುಳು. 10,000 ರೂಪಾಯಿ ಬಾಕಿ ಇದೆ ಎನ್ನಿ. ಮೂರೂವರೆಯಂತೆ ತಿಂಗಳ ಬಡ್ಡಿ 350 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ 63 ರೂಪಾಯಿ, ಒಟ್ಟು 413. ನೀವು 500 ಕಟ್ಟಿದಿರಿ. ಅಸಲಿಗೆ ಹೋದದ್ದು ಬರೇ 87 ರೂಪಾಯಿ! ಹೀಗೆ ಕಟ್ಟುತ್ತ ಹೋದರೆ ಸಾಲ ಯಾವಾಗ ತೀರುತ್ತದೆಂದು ನೀವೇ ಲೆಕ್ಕ ಹಾಕಿ. ಬಿಲ್ಲು ಪೂರಾ ಕಟ್ಟಿದರೆ ಬಡ್ಡಿ ಸೊನ್ನೆ. ಸ್ವಲ್ಪ ಉಳಿಸಿದರೂ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿ ಶುರು. ಕಾರ್ಡಿನಿಂದ ಎ.ಟಿ.ಎಂ.ನಲ್ಲಿ ನಗದು ತೆಗೆದರಂತೂ ತೆಗೆದ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ನಡೆಸುವ ಬಗೆ

20,000 ಠೇವಣಿ ಇಟ್ಟಿರಿ, 16,000 ಮಿತಿ ಸಿಕ್ಕಿತು ಎನ್ನೋಣ. ಹದಿನಾರು ಸಾವಿರವೂ ನಿಮ್ಮದಲ್ಲ. ಮೂರರಲ್ಲೊಂದು ಪಾಲು ಮೀರದಂತೆ, ಅಂದರೆ ಐದು ಸಾವಿರದೊಳಗೆ ಬಳಸಿ. ಮಿತಿಗೆ ತಾಗುವವರೆಗೆ ಬಳಸುವವನನ್ನು ಪುಸ್ತಕ ಅನುಮಾನದಿಂದ ನೋಡುತ್ತದೆ. ಹೇಗೂ ಕಟ್ಟಲೇಬೇಕಾದ ಒಂದೆರಡು ಖರ್ಚಿಗೆ ಮಾತ್ರ ಕಾರ್ಡು: ಅಂಗಡಿಯ ಕರೆಂಟ್ ಬಿಲ್ಲು, ಫೋನಿನ ರೀಚಾರ್ಜು. ಹೊಸ ಆಸೆಗಳಿಗಲ್ಲ.

ಬಿಲ್ಲು ಬಂದ ದಿನವೇ ಕಟ್ಟಿಬಿಡಿ, ಇಲ್ಲವೇ ಖಾತೆಯಿಂದ ಪೂರ್ತಿ ಮೊತ್ತ ತಾನಾಗಿ ಹೋಗುವಂತೆ ಬರೆದುಕೊಡಿ. ಗಡುವು ದಾಟಿ ಮೂರು ದಿನವಾದರೂ ಕಟ್ಟದಿದ್ದರೆ ‘ಬಾಕಿದಾರ’ ಎಂದು ವರದಿ ಹೋಗುತ್ತದೆ. ಕಟ್ಟದೆ ಬಿಟ್ಟರೆ ಬ್ಯಾಂಕು ಠೇವಣಿ ಮುರಿದುಕೊಳ್ಳುತ್ತದೆ. ದುಡ್ಡೂ ಹೋಯಿತು, ಪತ್ತೂ ಹೋಯಿತು.

ಎಷ್ಟು ದಿನ ಬೇಕು? ವಾರದಲ್ಲಿ ಅಂಕ ಏರಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ವಿವರ ಕಳಿಸಬೇಕೆಂಬ ನಿಯಮ 2025ರ ಜನವರಿಯಿಂದ ಬಂದಿರುವುದರಿಂದ ಒಳ್ಳೆಯದೂ ಬೇಗ ದಾಖಲಾಗುತ್ತದೆ. ಆದರೆ ನಂಬಿಕೆ ಬೆಳೆಯಲು ತಿಂಗಳುಗಳು ಬೇಕು, ಆಳವಾದ ಗಾಯಕ್ಕೆ ವರ್ಷಗಳೂ ಬೇಕು. ಸಿಬಿಲ್ ವರದಿಯಲ್ಲಿ ಮೂರು ವರ್ಷದ ಕಂತುಗಳು ತಿಂಗಳು ತಿಂಗಳಾಗಿ ಕಾಣುತ್ತವೆ. ಹಳೆಯ ಕರಿ ಮಚ್ಚೆ ಹಿಂದೆ ಸರಿಯುತ್ತ ಹೋಗಬೇಕಾದರೆ ಮುಂದಿನ ಸಾಲು ಶುಭ್ರವಾಗಿರಬೇಕು.

ಯಾರಿಗೆ ಬೇಡ?

ಇನ್ನೂ ಹಳೆ ಕಂತು ಬಾಕಿ ಇರುವವರಿಗೆ ಕಾರ್ಡು ಬೇಡವೇ ಬೇಡ. ಠೇವಣಿಗೆ ಇಡುವ ದುಡ್ಡನ್ನು ಮೊದಲು ಆ ಬಾಕಿಗೆ ಕಟ್ಟಿ. ಠೇವಣಿಗೆಂದೇ ಸಾಲ ಮಾಡುವವರಿಗೂ ಬೇಡ. ಕೈಯಲ್ಲಿ ಕಾರ್ಡಿದ್ದರೆ ಮನಸ್ಸು ತಡೆಯುವುದಿಲ್ಲ ಎಂಬುವವರಿಗಂತೂ ಸರ್ವಥಾ ಬೇಡ. ಅಂಥವರು ಇರುವ ಕಂತುಗಳನ್ನೇ ತಪ್ಪದೆ ಕಟ್ಟುತ್ತ ಹೋದರೂ ಅಂಕ ಏರುತ್ತದೆ.

ವಸೂಲಿಯವರ ಕಾಟಕ್ಕೆ ಹೆದರಿ ಒಂದು ಸಾಲ ತೀರಿಸಲು ಇನ್ನೊಂದು ಕಾರ್ಡು ತೆಗೆಯುವವರಿಗೂ ಒಂದು ಮಾತು. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ವಸೂಲಿಗೆ ಫೋನು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ಹೋಗಿ, ಕಾರ್ಡಿನ ಅಂಗಡಿಗಲ್ಲ.

ಸಂಬಂಧಪಟ್ಟವರು ಗಮನಿಸುವರೇ?

ಪುಕ್ಕಟೆ ವರದಿ ಸಿಗುತ್ತದೆ, ತಪ್ಪಿಗೆ ದೂರುಂಟು, ಠೇವಣಿ ಮೇಲೆ ಕಾರ್ಡುಂಟು. ಇಷ್ಟು ಮೂರು ಸಾಲನ್ನು ಕನ್ನಡದಲ್ಲಿ ಬರೆದು ಬ್ಯಾಂಕಿನ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು? ‘ಸಿಬಿಲ್ ಇಲ್ಲ, ಸಾಲ ಇಲ್ಲ’ ಎಂದು ಕಿಟಕಿಯಿಂದಲೇ ಕೈಯಾಡಿಸಿ ಕಳಿಸುವ ಬದಲು ಯಾವ ಸಾಲದಿಂದ ಅಂಕ ಕೆಟ್ಟಿದೆ ಎಂದು ಎರಡು ನಿಮಿಷ ಹೇಳಿದರೆ ಎಷ್ಟೋ ಮನೆ ಉಳಿದಾವು. ಜಿಲ್ಲೆಯ ಲೀಡ್ ಬ್ಯಾಂಕಿನವರು ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ, ಸಂತೆಯ ದಿನ ನೋಡಿ, ಒಂದೊಂದು ಶಿಬಿರ ನಡೆಸಿದರೆ ಕರಪತ್ರದವರ ವ್ಯಾಪಾರ ತಾನಾಗಿ ಬೀಳುತ್ತದೆ.

ದೀಪಾವಳಿ ಕಳೆದ ಮೇಲೆ ಅದೇ ಬಸ್ಸಿನಲ್ಲಿ ಅಂಗಡಿಯವರು ಮತ್ತೆ ಸಿಕ್ಕರು. ಮಗಳ ಮೊದಲ ವರ್ಷದ ಫೀಸಿಗೆ ಹೆಂಡತಿಯ ಸರ ಅಡ ಇಡಬೇಕಾಯಿತು. ಅದು ತಪ್ಪಲಿಲ್ಲ. ಆದರೆ ದೂರು ಕೊಟ್ಟ ಮೇಲೆ ಭಾಮೈದನ ಸಾಲದ ‘ಬಾಕಿ’ ಅಳಿದಿದೆ. ಎತ್ತಿದ ಚೀಟಿ ದುಡ್ಡಿನಲ್ಲಿ ಸಣ್ಣ ಠೇವಣಿ ಇಟ್ಟು ಕಾರ್ಡು ಪಡೆದಿದ್ದಾರೆ. ಮೂರು ಬಿಲ್ಲು ಕಟ್ಟಿಯಾಗಿದೆ.

“ಅಂಕ ಎಷ್ಟಾಯ್ತಣ್ಣ?”

“ಇನ್ನೂ ಪಾಸಾಗಿಲ್ಲ ಸ್ವಾಮಿ. ಏರ್ತಾ ಅದೆ. ಮಗಳ ಎರಡನೇ ವರ್ಷದ ಒತ್ಗೆ ಬ್ಯಾಂಕಿನವ್ರ ಮುಂದೆ ತಲೆ ಎತ್ಕೊಂಡು ಕೂತ್ಕತೀನಿ.”

ಕಾರ್ಡನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆವು. ಜೇಬು ಮುಟ್ಟಿಕೊಳ್ಳಲಿಲ್ಲ.

“ಮನೇಲಿ, ಮಗಳ ತಾವ. ಕರೆಂಟ್ ಬಿಲ್ ಬಂದಾಗ ಮಾತ್ರ ಕೊಡ್ತಾಳೆ.”